ಮುಂಗಾಲಿನ ಲೆಕ್ಕ

ಯಂತ್ರಗಳು ಮರ್ಯಾದಸ್ಥರಾಗುತ್ತಾ ಬಂದಂತೆಲ್ಲ ಮೈ ಮುಚ್ಚಿಕೊಳ್ಳುವುದನ್ನು ಕಲಿತವು. ಹಿಂದೆ ಹಿಟ್ಟಿನ ಗಿರಣಿಗೆ ಹೋದರೆ ಬೆಲ್ಟು, ಪುಲ್ಲಿ, ಹಲ್ಲುಚಕ್ರ ಎಲ್ಲವೂ ಕಣ್ಣೆದುರಿಗೇ ಓಡಾಡುತ್ತಿದ್ದವು. ಯಾವುದು ಯಾವುದನ್ನು ತಿರುಗಿಸುತ್ತದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ರಾಗಿ ಬೀಸಿ ಮುಗಿಯುವಷ್ಟರಲ್ಲಿ ಡಬ್ಬ ಹಿಡಿದು ನಿಂತ ಹುಡುಗರಿಗೆ ಅದು ತಾನಾಗಿಯೇ ಗೊತ್ತಾಗಿರುತ್ತಿತ್ತು. ಈಗ ಕಾರಿನ ಬಾನೆಟ್ ಎತ್ತಿದರೆ ಒಳಗೆ ಇನ್ನೊಂದು ಪ್ಲಾಸ್ಟಿಕ್ ಮುಚ್ಚಳ. ಅದರ ಮೇಲೆ ಕಂಪನಿಯ ಹೆಸರು. ನೋಡುವುದಕ್ಕೆ ಏನೂ ಇಲ್ಲ, ಇಳಿಸಿಬಿಡು, ಎಂದಂತೆ. ಮೋಟಾರ್ ಸೈಕಲ್ಲಿನ ಮುಂದಿನ ಫೋರ್ಕಿನದೂ ಇದೇ ಕತೆ. ಕೊಳವೆಯೊಳಗೆ ಕೊಳವೆ, ಅದರೊಳಗೆ ಸ್ಪ್ರಿಂಗು, ಎಣ್ಣೆ. ಹಳ್ಳ ಬಂದಾಗ ಒಳಗೆ ಏನೋ ಆಗುತ್ತದೆ, ನಮ್ಮ ಕೈ ಉಳಿಯುತ್ತದೆ. ಅಷ್ಟೇ ನಮಗೂ ಅದಕ್ಕೂ ಇರುವ ಪರಿಚಯ.

ಈ ಸಂಕೋಚವೇ ಇಲ್ಲದ ಒಂದು ಫೋರ್ಕು ಇದೆ. ಅದರ ಹೆಸರು ಸ್ಪ್ರಿಂಗರ್. ಕಾಲು ಎರಡು ಜೊತೆ. ಹಿಂದಿನ ಜೊತೆ ಹ್ಯಾಂಡಲ್ಲಿನ ಕತ್ತಿಗೆ ಕಚ್ಚಿಕೊಂಡು ಅಲ್ಲಾಡದೆ ನಿಂತಿರುವ ಗಟ್ಟಿಕಾಲು. ಅದರ ಮುಂದಿನ ಜೊತೆ ಮೇಲಕ್ಕೂ ಕೆಳಕ್ಕೂ ಆಡುವ ಸ್ಪ್ರಿಂಗ್ ಕಾಲು. ಕೆಳಗೆ, ಚಕ್ರದ ಎರಡೂ ಬದಿಯಲ್ಲಿ, ಅಂಗೈಯಷ್ಟು ಉದ್ದದ ಒಂದೊಂದು ಉಕ್ಕಿನ ತುಂಡು. ಅದಕ್ಕೆ ರಾಕರ್ ಎನ್ನುತ್ತಾರೆ. ಗಟ್ಟಿಕಾಲು, ಸ್ಪ್ರಿಂಗ್ ಕಾಲು, ಚಕ್ರದ ಆಕ್ಸಲ್ ಮೂರೂ ಆ ತುಂಡಿಗೆ ಬಂದು ಸೇರುತ್ತವೆ. ಚಕ್ರ ಉಬ್ಬು ಹತ್ತಿದಾಗ ರಾಕರ್ ಗಟ್ಟಿಕಾಲಿನ ತುದಿಯನ್ನು ಆಧಾರ ಮಾಡಿಕೊಂಡು ಮೂತಿ ಎತ್ತುತ್ತದೆ, ಸ್ಪ್ರಿಂಗ್ ಕಾಲನ್ನು ಮೇಲಕ್ಕೆ ನೂಕುತ್ತದೆ, ಹೆಡ್‌ಲೈಟಿನ ಅಕ್ಕಪಕ್ಕ ಬಯಲಲ್ಲೇ ನಿಂತಿರುವ ಸ್ಪ್ರಿಂಗುಗಳು ಒತ್ತಿಕೊಳ್ಳುತ್ತವೆ. ಎಲ್ಲವೂ ಕಾಣುತ್ತದೆ. ಗಾಡಿ ಓಡಿಸುತ್ತಿರುವವನಿಗಂತೂ ಇಡೀ ರಸ್ತೆಯ ಗುಂಡಿಗಳ ಸಿನಿಮಾ ಮೂಗಿನ ಮುಂದೆಯೇ ಓಡುತ್ತಿರುತ್ತದೆ.

ನಾನು ಇರುವುದು ಈ ಫೋರ್ಕಿನ ತವರಿನಲ್ಲಿ, ಅಮೆರಿಕದ ಮಿಲ್ವಾಕಿಯಲ್ಲಿ. 1903ರಲ್ಲಿ ವಿಲಿಯಂ ಹಾರ್ಲಿ ಮತ್ತು ಡೇವಿಡ್ಸನ್ ಮನೆಯ ಹುಡುಗರು ಹಿತ್ತಲ ಶೆಡ್ಡಿನಲ್ಲಿ ಗಾಡಿ ಕಟ್ಟಲು ಶುರುಮಾಡಿದ ಊರು ಇದು. ಹಾರ್ಲಿ ಪಕ್ಕದ ಮ್ಯಾಡಿಸನ್ನಿನ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ 1907ರಲ್ಲಿ ಮುಗಿಸಿದ. ಅದೇ ಹೊತ್ತಿಗೆ ಅವರ ಗಾಡಿಗಳ ಮುಂಭಾಗಕ್ಕೆ ಸ್ಪ್ರಿಂಗ್ ಫೋರ್ಕು ಬಂತು. ಅಲ್ಲಿಂದ ನಾಲ್ಕು ದಶಕ ಅದೇ ಅವರ ಮುಖಲಕ್ಷಣ. ಎರಡನೇ ಮಹಾಯುದ್ಧದ ಸೈನ್ಯದ ಡಬ್ಲ್ಯೂಎಲ್‌ಎ ಗಾಡಿಯ ಫೋಟೊ ನೋಡಿದವರಿಗೆ ಆ ಮುಖ ನೆನಪಿರುತ್ತದೆ. ಅಷ್ಟರಲ್ಲಿ ಜರ್ಮನಿಯ ಬಿಎಂಡಬ್ಲ್ಯೂ 1935ರಲ್ಲೇ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕನ್ನು ಮಾರುಕಟ್ಟೆಗೆ ತಂದಾಗಿತ್ತು. ಮಿಲ್ವಾಕಿಯವರು 1949ರಲ್ಲಿ ತಮ್ಮ ದೊಡ್ಡ ಎಂಜಿನ್ನಿನ ಗಾಡಿಗಳಿಗೆ ಅದನ್ನು ಹಾಕಿ, ಹೈಡ್ರಾ ಗ್ಲೈಡ್ ಎಂದು ಹೆಸರಿಟ್ಟರು. ಸ್ಪ್ರಿಂಗರಿನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಯುದ್ಧದಿಂದ ಮರಳಿದ ಹುಡುಗರು ಹಳೆಯ ಗಾಡಿಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡ್ ಕತ್ತರಿಸಿ, ಬೇಡದ್ದನ್ನೆಲ್ಲ ಕಿತ್ತೆಸೆದು ತಮಗೆ ಬೇಕಾದ ಹಾಗೆ ಕಟ್ಟಿಕೊಳ್ಳತೊಡಗಿದರು. ಅರವತ್ತು ಎಪ್ಪತ್ತರ ದಶಕದಲ್ಲಿ ಆ ಚಟ ಚಾಪರ್ ಎಂಬ ಉದ್ದಮೂತಿಯ ಅವತಾರ ತಾಳಿತು. ಕಂಪನಿ ಕೈಬಿಟ್ಟ ಸ್ಪ್ರಿಂಗರನ್ನು ಸಣ್ಣಪುಟ್ಟ ಶೆಡ್ಡುಗಳವರು ಉದ್ದ ಮಾಡಿ, ಕ್ರೋಮ್ ಬಳಿದು ಮಾರಿದರು. ಕೊನೆಗೆ ಕಂಪನಿಗೇ ಆಸೆಯಾಗಿ 1988ರಲ್ಲಿ, ತನ್ನ 85ನೆಯ ವರ್ಷಕ್ಕೆ, ಸ್ಪ್ರಿಂಗರ್ ಸಾಫ್ಟೇಲ್ ಎಂಬ ಗಾಡಿಯಲ್ಲಿ ಅದನ್ನು ಮತ್ತೆ ತಂದಿತು. ಈ ಬಾರಿ ನಡುವೆ ಒಂದು ಶಾಕ್ ಅಬ್ಸಾರ್ಬರ್ ಸೇರಿಸಿ. ಬಿಟ್ಟುಹೋದವಳನ್ನು ನಲವತ್ತು ವರ್ಷದ ಮೇಲೆ ಕರೆತಂದ ಹಾಗಾಯಿತಲ್ಲ ಎಂದು ನನ್ನ ಹೆಂಡತಿ ನಕ್ಕಳು. ಅವಳಿಗೆ ಮೋಟಾರ್ ಸೈಕಲ್ ಇತಿಹಾಸ ಅಷ್ಟು ಹೇಳಿದ್ದೇ ಹೆಚ್ಚಾಗಿತ್ತು.

ನಾನು ಮೈಸೂರಿನವನು. ನಮ್ಮೂರೂ ಮೋಟಾರ್ ಸೈಕಲ್ ಮಾಡಿದ ಊರೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಗಾಡಿಗಳನ್ನು ಹೊರಗೆ ಬಿಟ್ಟಿತು. ಈ ಸಂಗತಿಯನ್ನು ಇಲ್ಲಿ ಹೇಳಿದ್ದರಿಂದಲೇ ನನಗೆ ಪಕ್ಕದ ಮನೆಯ ಹಿರಿಯರ ಗ್ಯಾರೇಜಿಗೆ ಪ್ರವೇಶ ದೊರೆಯಿತು. ಜೀವನವಿಡೀ ಲೇತ್ ಮುಂದೆ ನಿಂತು ನಿವೃತ್ತರಾದವರು. ಅಳತೆಯನ್ನು ಇಂಚಿನ ಸಾವಿರದ ಭಾಗದಲ್ಲಿ ಆಡುತ್ತಾರೆ, ಮಾತನ್ನೂ ಸುಮಾರು ಅದೇ ಪ್ರಮಾಣದಲ್ಲಿ. ಮನಸ್ಸಿನಲ್ಲಿ ನಾನು ಅವರಿಗೆ ಇಟ್ಟಿರುವ ಹೆಸರು ಮೇಸ್ತ್ರಿ. ಮೇಸ್ತ್ರಿಯ ಗಾಡಿ ಯಾವ ಕಂಪನಿಯ ಕ್ಯಾಟಲಾಗಿನಲ್ಲೂ ಸಿಗುವುದಿಲ್ಲ. ಹಳೆಯ ಹಾರ್ಲಿ ಎಂಜಿನ್, ಬೇರೆ ಯಾರೋ ಬೆಸೆದ ಚೌಕಟ್ಟು, ಇನ್ನೆಲ್ಲಿಂದಲೋ ತಂದ ಸ್ಪ್ರಿಂಗರ್. ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇಲ್ಲ. ಆಕ್ಸಲ್ಲು ನೇರವಾಗಿ ಚೌಕಟ್ಟಿಗೆ. ಸೀಟಿನ ಕೆಳಗೆ ಸೈಕಲ್ ಸೀಟಿಗಿರುವಂಥ ಎರಡು ಸ್ಪ್ರಿಂಗು. ಹಿಂದೆ ಬಿದ್ದ ಏಟನ್ನು ಬೆನ್ನುಮೂಳೆ ನೋಡಿಕೊಳ್ಳಬೇಕು, ಮುಂದಿನದನ್ನು ಮಾತ್ರ ಫೋರ್ಕು.

ಇಲ್ಲಿ ಚಳಿಗಾಲವೆಂದರೆ ಗಾಡಿಗಳು ಹೊದ್ದು ಮಲಗುವ ಕಾಲ. ರಸ್ತೆಗೆ ಸುರಿದ ಉಪ್ಪು ಕಬ್ಬಿಣವನ್ನು ತಿನ್ನುತ್ತದೆಂದು ಹಿಮ ಕರಗಿದ ಮೇಲೂ ಒಂದೆರಡು ಜೋರು ಮಳೆ ಬಂದು ರಸ್ತೆ ತೊಳೆಯುವವರೆಗೆ ತಿಳಿದವರು ಗಾಡಿ ಹೊರಗೆ ತೆಗೆಯುವುದಿಲ್ಲ. ನಮ್ಮ ಯುಗಾದಿಯ ಆಸುಪಾಸಿಗೆ ಆ ಮಳೆ ಬರುತ್ತದೆ. ಅಷ್ಟರಲ್ಲಿ ಡಾಂಬರಿನ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ರಸ್ತೆಯನ್ನು ಒಳಗಿನಿಂದಲೇ ಕಿತ್ತು ಹಾಕಿರುತ್ತದೆ. ಬೆಂಗಳೂರಿನಿಂದ ಬಂದ ಬಂಧುಗಳು ಅಮೆರಿಕದ ರಸ್ತೆ ನೋಡಿ ನಿರಾಶರಾಗುವ ತಿಂಗಳು ಅದು.

ಒಂದು ಸಲ ಹೀಗೆ ಗಾಡಿ ಹೊರಗೆ ಬಂದಾಗ ಮೇಸ್ತ್ರಿ ಒಂದು ಸುತ್ತು ಹೋಗಿ ಬಂದು, ಇಳಿದು, ಎಡಭುಜ ಹಿಡಿದುಕೊಂಡು, "ಮುಂದೆ ಕಲ್ಲಾಗಿದೆ" ಅಂದರು. ಗಾಡಿಯಲ್ಲಿ ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ಮೇಸ್ತ್ರಿ. ಶರತ್ಕಾಲದಲ್ಲಿ ಅವರಿಗೊಂದು ಶಸ್ತ್ರಚಿಕಿತ್ಸೆ ಆಗಿತ್ತು. ಕೋಟು ಕಳಚಿದ ಮೇಲೆ ನೋಡಿದರೆ ಮನುಷ್ಯ ಅರ್ಧ ಆಗಿಬಿಟ್ಟಿದ್ದರು. ಅರ್ಧ ಎಂಬುದು ನಮ್ಮ ಕಡೆಯ ಅಳತೆ. ಅವರ ಅಳತೆಯಲ್ಲಿ 240 ಪೌಂಡಿದ್ದವರು 190ಕ್ಕೆ ಇಳಿದಿದ್ದರು. ನಮ್ಮಲ್ಲಾದರೆ ಬೀದಿಯವರೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿ "ಯಾಕ್ ಸಾರ್ ಇಷ್ಟು ಇಳಿದುಹೋಗಿದೀರಿ, ಶುಗರ್ರಾ?" ಎಂದು ಕೇಳಿ ವಿಚಾರಿಸಿಕೊಳ್ಳುತ್ತಿದ್ದರು. ಇಲ್ಲಿ ಯಾರೂ ಕೇಳುವುದಿಲ್ಲ, ಕೇಳಬಾರದು. ಆ ಮಾತನ್ನು ಎತ್ತುವ ಧೈರ್ಯ ಮಾಡಿದ್ದು ಫೋರ್ಕು ಒಂದೇ.

ಸ್ಪ್ರಿಂಗರ್ ಅಡ್ಜಸ್ಟ್ ಮಾಡುವುದು ಎಂದರೆ ಮೊದಲಿಗೆ ಸ್ಪ್ಯಾನರ್ ಹಿಡಿಯುವುದಲ್ಲ, ಟೇಪು ಹಿಡಿಯುವುದು. ಅದಕ್ಕೂ ಮೊದಲು ಆಟ ನೋಡುವುದು. ಮುಂದಿನ ಚಕ್ರ ನೆಲ ಬಿಡುವಂತೆ ಚೌಕಟ್ಟಿನ ಕೆಳಗೆ ಜಾಕ್ ಕೊಟ್ಟು, ಚಕ್ರವನ್ನು ಹಿಡಿದು ಹಿಂದೆ ಮುಂದೆ ಎಳೆಯಬೇಕು. ಕತ್ತಿನಲ್ಲಿ ಕಟಕಟ ಎಂದರೆ ಕೋನ್‌ಸೆಟ್ಟಿನ ಪಾಡು. ರಾಕರಿನಲ್ಲಿ ಎಂದರೆ ಬುಷ್ ಸವೆದಿದೆ. ಬುಷ್ ಸವೆದ ಸ್ಪ್ರಿಂಗರಿಗೆ ಎಷ್ಟು ಅಡ್ಜಸ್ಟ್ ಮಾಡಿದರೂ ಅದು ಗೋಡೆ ಬಿರುಕಿಗೆ ಸುಣ್ಣ ಹೊಡೆಯುವ ಕೆಲಸವೇ. ಮೇಸ್ತ್ರಿಯ ರಾಕರುಗಳಲ್ಲಿ ಆಟವಿರಲಿಲ್ಲ. ಚಳಿಗಾಲಕ್ಕೆ ಮುಂಚೆಯೇ ಹೊಸ ಕಂಚಿನ ಬುಷ್ ಕಡೆದು ಕೂರಿಸಿದ್ದರು. ಗ್ರೀಸ್ ಗನ್ನಿನಿಂದ ನಿಪ್ಪಲ್ಲಿಗೆ ಎರಡು ಸಲ ಒತ್ತಿ, ಹಳೆಯ ಕಪ್ಪು ಗ್ರೀಸು ಅಂಚಿನಿಂದ ಹೊರಗೆ ಇಣುಕುವವರೆಗೂ ಕಾದು, ಬಟ್ಟೆಯಲ್ಲಿ ಒರೆಸಿದರು. ಈ ಒರೆಸುವ ಕೆಲಸಕ್ಕೆ ಅವರು ಕೊಡುವಷ್ಟು ಸಮಯವನ್ನು ನಾನು ನನ್ನ ಆಫೀಸಿನ ಯಾವ ಕೆಲಸಕ್ಕೂ ಕೊಟ್ಟಿಲ್ಲ.

ಆಮೇಲೆ ಅಳತೆ. ಚಕ್ರ ಗಾಳಿಯಲ್ಲಿ ನೇತಾಡುವಾಗ ಆಕ್ಸಲ್ಲಿನಿಂದ ಗಟ್ಟಿಕಾಲಿನ ಮೇಲೆ ಗುರುತು ಮಾಡಿದ ಒಂದು ಜಾಗದವರೆಗೆ ಎಷ್ಟು. ಗಾಡಿ ತನ್ನ ಕಾಲ ಮೇಲೆ ತಾನು ನಿಂತಾಗ ಎಷ್ಟು. ಸವಾರ ಕೂತು, ಹ್ಯಾಂಡಲ್ ಹಿಡಿದು, ಎರಡೂ ಕಾಲು ಮೇಲಿಟ್ಟಾಗ ಎಷ್ಟು. ಮೂರನೆಯ ಅಳತೆಗೆ ಮೂವರು ಬೇಕು. ಒಬ್ಬರು ಕೂರಲು, ಒಬ್ಬರು ಗಾಡಿ ಬೀಳದಂತೆ ಹಿಡಿಯಲು, ಒಬ್ಬರು ಮಂಡಿಯೂರಿ ಟೇಪು ಓದಲು. ಮೇಸ್ತ್ರಿಯ ಹೆಂಡತಿ ಹಿಂದಿನಿಂದ ಹಿಡಿದರು, ನಾನು ಮಂಡಿಯೂರಿದೆ. ಫೋರ್ಕು ಮೇಲೆ ಕೆಳಗೆ ಹೋಗಬಲ್ಲ ಒಟ್ಟು ದೂರದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಸವಾರ ಕೂತಾಗಲೇ ಇಳಿದಿರಬೇಕು ಎಂಬುದು ಸಾಮಾನ್ಯ ಲೆಕ್ಕ. ಅಷ್ಟು ಇಳಿದಿದ್ದರೆ ಚಕ್ರಕ್ಕೆ ಗುಂಡಿಯೊಳಕ್ಕೆ ಇಳಿಯಲೂ ಜಾಗ, ಉಬ್ಬು ಹತ್ತಲೂ ಜಾಗ. ಸ್ಪ್ರಿಂಗರಿನಲ್ಲಿ ಟೇಪಿಲ್ಲದೆಯೂ ಇದನ್ನು ನೋಡಬಹುದು. ಸವಾರ ಕೂತಾಗ ರಾಕರ್ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿದ್ದರೆ ಸರಿ. ಮೂತಿ ಮೇಲೆತ್ತಿಕೊಂಡಿದ್ದರೆ ಸ್ಪ್ರಿಂಗು ಸೋತಿದೆ. ಕೆಳಗೆ ನೆಟ್ಟುಕೊಂಡಿದ್ದರೆ ಸ್ಪ್ರಿಂಗಿಗೆ ತನ್ನ ಮೇಲೆ ಯಾರೋ ಕೂತಿದ್ದಾರೆಂಬುದೇ ಗೊತ್ತಾಗಿಲ್ಲ.

ಮೇಸ್ತ್ರಿ ಕೂತಾಗ ರಾಕರ್ ನೆಲ ನೋಡುತ್ತಿತ್ತು. ಮನುಷ್ಯನ ತೂಕವೆಲ್ಲ ಮುಂದಿನ ಚಕ್ರಕ್ಕೆ ಬರುವುದಿಲ್ಲ. ಇಂಥ ಗಾಡಿಯಲ್ಲಿ ಸೀಟು ಹಿಂದಿನ ಚಕ್ರಕ್ಕೆ ಅಂಟಿಕೊಂಡಂತೆ ಇರುವುದರಿಂದ ಮುಂದಕ್ಕೆ ಬರುವುದು ಅದರಲ್ಲಿ ಒಂದು ಸಣ್ಣ ಪಾಲು. ಆದರೂ ಟೇಪು ಬಿಟ್ಟುಕೊಡಲಿಲ್ಲ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ ಹಳೆಯ ಅಂಕಿಯನ್ನು ಮೇಸ್ತ್ರಿ ನೋಡಿದರು, ಹೊಸದನ್ನು ಅದರ ಕೆಳಗೆ ಬರೆದರು. ಅವರ ಹೆಂಡತಿ ಹಿಡಿದಿದ್ದ ಗಾಡಿಯನ್ನು ಬಿಡಲಿಲ್ಲ. ಆ ಅಂಕಿಗಳು ಏನನ್ನು ಹೇಳುತ್ತವೆಂದು ನಮ್ಮ ಮೂವರಿಗೂ ಗೊತ್ತಿತ್ತು. ನಾವು ಮಾತಾಡಿದ್ದು ಹವಾಮಾನದ ಬಗ್ಗೆ.

ಈಗ ಸ್ಪ್ಯಾನರ್. ಇಲ್ಲಿಂದ ಸ್ಪ್ರಿಂಗರ್ ತನ್ನ ವರಸೆ ತೋರಿಸಲು ಶುರುಮಾಡುತ್ತದೆ. ಮೇಲ್ಗಡೆ ಹ್ಯಾಂಡಲ್ಲಿನ ಹತ್ತಿರ ಎರಡು ದೊಡ್ಡ ನಟ್ಟು ಕಾಣುತ್ತವೆ. ನಮ್ಮ ಕಡೆ ಯಾವುದೇ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್ ತಿರುಗಿಸಿ ಅಭ್ಯಾಸವಿರುವವರು ನಟ್ಟು ಬಿಗಿ ಮಾಡಿದರೆ ಗಾಡಿ ಎದ್ದು ನಿಲ್ಲುತ್ತದೆ, ಸಡಿಲ ಮಾಡಿದರೆ ಕೂರುತ್ತದೆ ಎಂದೇ ಎಣಿಸುತ್ತಾರೆ. ಇಲ್ಲಿ ತದ್ವಿರುದ್ಧ. ಬಿಗಿ ಮಾಡಿದರೆ ಮುಂಭಾಗ ಇಳಿಯುತ್ತದೆ.

ಕಾರಣ ಇಷ್ಟು. ಗಟ್ಟಿಕಾಲಿನ ತಲೆಯಲ್ಲಿ ಒಂದು ಅಡ್ಡಪಟ್ಟಿ ಇದೆ, ಅದು ಅಲ್ಲಾಡುವುದಿಲ್ಲ. ಸ್ಪ್ರಿಂಗ್ ಕಾಲಿನಿಂದ ಹೊರಟ ಎರಡು ಸರಳುಗಳು ಆ ಪಟ್ಟಿಯ ತೂತಿನ ಮೂಲಕ ಮೇಲೆ ಬಂದಿವೆ. ಪಟ್ಟಿಯ ಕೆಳಗೆ ಒಂದು ಜೊತೆ ಸ್ಪ್ರಿಂಗು. ಭಾರ ಹೊರುವುದು ಅವು. ಪಟ್ಟಿಯ ಮೇಲೆ ಇನ್ನೊಂದು ಜೊತೆ ಗಿಡ್ಡ ಸ್ಪ್ರಿಂಗು. ಗುಂಡಿ ದಾಟಿ ಚಕ್ರ ಕೆಳಗೆ ಬೀಳುವಾಗ ಫೋರ್ಕು ಠಕ್ಕೆಂದು ಬಡಿಯದಂತೆ ತಡೆಯುವುದು ಅವುಗಳ ಕೆಲಸ. ನಟ್ಟು ಇರುವುದು ಈ ಮೇಲಿನ ಸ್ಪ್ರಿಂಗಿನ ನೆತ್ತಿಯ ಮೇಲೆ. ಅಂದರೆ ಒಂದೇ ಬಾಗಿಲನ್ನು ಒಳಗಿನಿಂದ ಒಬ್ಬರು, ಹೊರಗಿನಿಂದ ಒಬ್ಬರು ದೂಡುತ್ತಾ ನಿಂತ ಹಾಗೆ ಈ ಎರಡು ಸ್ಪ್ರಿಂಗುಗಳು. ನಟ್ಟು ಬಿಗಿಸಿದರೆ ಮೇಲಿನದು ಜೋರು ಮಾಡುತ್ತದೆ, ಸರಳನ್ನು ಮೇಲಕ್ಕೆ ಎಳೆಯುತ್ತದೆ, ಅದರೊಂದಿಗೆ ಸ್ಪ್ರಿಂಗ್ ಕಾಲು ಮೇಲೆ, ರಾಕರಿನ ಮೂತಿ ಮೇಲೆ, ಚಕ್ರ ಮೇಲೆ. ಚಕ್ರ ಮೇಲೆ ಹೋಯಿತೆಂದರೆ ಗಾಡಿ ಕೆಳಗೆ ಬಂದಿತೆಂದೇ ಅರ್ಥ. ಎತ್ತರ ಇಳಿಯುವುದರ ಜೊತೆಗೆ ಫೋರ್ಕು ಬಿಗಿಯೂ ಆಗುತ್ತದೆ. ಎರಡೂ ಸ್ಪ್ರಿಂಗು ಒತ್ತಿಕೊಂಡಿರುವಷ್ಟು ಹೊತ್ತು ಎರಡರ ಬಿಗಿಯೂ ಕೂಡಿಕೊಳ್ಳುತ್ತದೆ. ನಟ್ಟನ್ನು ಬಿಗಿಸಿದಷ್ಟೂ ಆ ಕೂಡಿಕೆ ಹೆಚ್ಚು ದೂರದವರೆಗೆ ಉಳಿಯುತ್ತದೆ.

ಮೇಸ್ತ್ರಿಗೆ ಬೇಕಾಗಿದ್ದು ಫೋರ್ಕು ಮೆತ್ತಗಾಗುವುದು ಮತ್ತು ಸ್ವಲ್ಪ ಇಳಿಯುವುದು. ನಟ್ಟು ಸಡಿಲ ಮಾಡಿದರೆ ಮೆತ್ತಗಾಗುತ್ತದೆ, ಆದರೆ ಈಗಾಗಲೇ ಎತ್ತರವಾಗಿರುವುದು ಇನ್ನೂ ಏಳುತ್ತದೆ. ಬಿಗಿ ಮಾಡಿದರೆ ಇಳಿಯುತ್ತದೆ, ಆದರೆ ಕಲ್ಲಾಗಿದ್ದು ಇನ್ನೂ ಕಲ್ಲಾಗುತ್ತದೆ. ಬಹಳ ಸಡಿಲ ಮಾಡಿದರೆ ಮೇಲಿನ ಸ್ಪ್ರಿಂಗು ಕೆಲಸ ಬಿಟ್ಟು ಕೂತು ಪ್ರತಿ ಗುಂಡಿಗೂ ಬಡಿತ. ಆ ನಟ್ಟು ಎಷ್ಟು ತಿರುಗಿಸಿದರೂ ಇವರ ಕಾಯಿಲೆಗೆ ಮದ್ದಾಗುವಂತಿರಲಿಲ್ಲ. ಇದನ್ನು ಅವರು ಮೊದಲೇ ಬಲ್ಲವರು. ಆದರೂ ಎರಡೂ ಕಡೆ ತಿರುಗಿಸಿ, ಕೂತು, ಅಳೆದು, ನೋಡಿ, ಹಿಂದಿನ ಗುರುತಿಗೆ ತಂದು ನಿಲ್ಲಿಸಿದರು. ಎಡದ ನಟ್ಟಿಗೆ ಎಷ್ಟೋ ಬಲದ ನಟ್ಟಿಗೂ ಅಷ್ಟೇ. ಒಂದು ಕಡೆ ಹೆಚ್ಚಾದರೆ ಸ್ಪ್ರಿಂಗ್ ಕಾಲು ಓರೆಯಾಗಿ ಬುಷ್ಷುಗಳು ಹಿಡಿದುಕೊಳ್ಳುತ್ತವೆ. ತಿರುಗಿಸುತ್ತಿದ್ದುದು ಅವರಾದರೂ ಎಣಿಸುವ ಕೆಲಸ ನನ್ನದೇ ಆಗಿತ್ತು. ಕನ್ನಡದಲ್ಲಿ ಎಣಿಸಿದ್ದಕ್ಕೆ ಅವರು ಆಕ್ಷೇಪಿಸಲಿಲ್ಲ.

ಮುಂಭಾಗ ಅಂಗುಲದಷ್ಟು ಎದ್ದರೆ ಇಳಿದರೆ ಏನಂತೆ ಎನ್ನಬಹುದು. ಸುಮಾರು 65 ಇಂಚಿನ ವೀಲ್‌ಬೇಸಿನ ಗಾಡಿಯಲ್ಲಿ ಒಂದು ಇಂಚು ಎಂದರೆ ಕತ್ತಿನ ಕೋನದಲ್ಲಿ ಒಂದು ಡಿಗ್ರಿಯ ಹತ್ತಿರ. ಆ ಕೋನ ಹ್ಯಾಂಡಲ್ಲಿನ ಸ್ವಭಾವವನ್ನೇ ತೀರ್ಮಾನಿಸುತ್ತದೆ. ಹ್ಯಾಂಡಲ್ ತಿರುಗುವ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಚಕ್ರ ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಹೋಗಿ ಮುಟ್ಟುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಕೈಬಿಟ್ಟು ಸೈಕಲ್ ಓಡಿಸಿ ಹುಡುಗಿಯರ ಹಾಸ್ಟೆಲ್ ಮುಂದೆ ಹೋದವರ ಮಾನ ಕಾಪಾಡಿದ್ದರಲ್ಲಿ ಈ ಟ್ರೇಲಿನ ಪಾಲು ದೊಡ್ಡದು. ಇದು ಕಡಿಮೆಯಾದರೆ ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ. ವಿಪರೀತವಾದರೆ ನಿಧಾನವಾಗಿ ಹೋಗುವಾಗ ಹ್ಯಾಂಡಲ್ ಒಂದು ಕಡೆಗೆ ದೊಪ್ಪನೆ ಬೀಳಲು ನೋಡುತ್ತದೆ.

ಚಾಪರ್ ಕಟ್ಟುವವರು ಬಿದ್ದ ಹಳ್ಳ ಇದೇ. 30 ಸೆಂಟಿಮೀಟರ್ ತ್ರಿಜ್ಯದ ಚಕ್ರ, ಕತ್ತಿನ ಗೆರೆಯಿಂದ ಆಕ್ಸಲ್ 8 ಸೆಂಟಿಮೀಟರ್ ಮುಂದೆ ಎಂದಿಟ್ಟುಕೊಳ್ಳಿ. ಕತ್ತು 30 ಡಿಗ್ರಿ ವಾಲಿದ್ದರೆ ಟ್ರೇಲ್ ಸುಮಾರು 8 ಸೆಂಟಿಮೀಟರ್, ಹಿತವಾದದ್ದು. ನೋಡಲು ಚೆನ್ನಾಗಿರಲೆಂದು ಅದೇ ಕತ್ತನ್ನು 45 ಡಿಗ್ರಿ ಮಲಗಿಸಿ ಉದ್ದ ಫೋರ್ಕು ಹಾಕಿದರೆ ಟ್ರೇಲ್ ಸುಮಾರು 19 ಸೆಂಟಿಮೀಟರ್. ಪಾರ್ಕಿಂಗಿನಲ್ಲಿ ಗಾಡಿ ತಿರುಗಿಸಲು ಜನ ಕರೆಯಬೇಕು. 1969ರ 'ಈಜಿ ರೈಡರ್' ಸಿನಿಮಾ ನೋಡಿ ಲೋಕವೆಲ್ಲ ಉದ್ದಮೂತಿಗೆ ಮರುಳಾಯಿತು. ಆ ಸಿನಿಮಾದ ಧ್ವಜ ಬಳಿದ ಗಾಡಿಗೆ ಇದ್ದುದು ಉದ್ದ ಮಾಡಿದ ಟೆಲಿಸ್ಕೋಪಿಕ್ ಫೋರ್ಕು, ಸ್ಪ್ರಿಂಗರ್ ಅಲ್ಲ ಎಂಬುದನ್ನು ಮೇಸ್ತ್ರಿ ಯಾರು ಬಂದರೂ ಒಮ್ಮೆ ಹೇಳಿಯೇ ತೀರುತ್ತಾರೆ. ಅದನ್ನು ಕಟ್ಟಿದವರು ಲಾಸ್ ಏಂಜಲಿಸಿನ ಕರಿಯ ಕುಶಲಕರ್ಮಿಗಳಾದ ಕ್ಲಿಫ್ ವಾಸ್ ಮತ್ತು ಬೆನ್ ಹಾರ್ಡಿ ಎಂಬುದನ್ನೂ, ಅವರ ಹೆಸರು ಬಹುಕಾಲ ಯಾರ ಬಾಯಲ್ಲೂ ಬರಲಿಲ್ಲ ಎಂಬುದನ್ನೂ. ಮಾತು ಕಡಿಮೆಯೆಂದೆನಲ್ಲ, ಇದೊಂದು ವಿಷಯದಲ್ಲಿ ಅಲ್ಲ.

ಉದ್ದ ಸ್ಪ್ರಿಂಗರಿಗೆ ಮದ್ದು ರಾಕರಿನಲ್ಲಿದೆ. ರಾಕರನ್ನು ಉದ್ದ ಮಾಡಿ ಆಕ್ಸಲನ್ನು ಕತ್ತಿನ ಗೆರೆಯಿಂದ 14 ಸೆಂಟಿಮೀಟರ್ ಮುಂದಕ್ಕೆ ಒಯ್ದರೆ 45 ಡಿಗ್ರಿಯಲ್ಲೂ ಟ್ರೇಲ್ ಮತ್ತೆ ಸುಮಾರು 10ಕ್ಕೆ ಇಳಿಯುತ್ತದೆ. ಕ್ಯಾಲಿಫೋರ್ನಿಯಾದ ಶುಗರ್ ಬೇರ್ ಎಂಬ ಹೆಸರಾಂತ ಕುಶಲಕರ್ಮಿ ಪ್ರಸಿದ್ಧನಾದದ್ದೇ ಇಂಥ ರಾಕರಿಗಾಗಿ. ನೋಡಿದರೆ ಓಡಿಸಲಾರೆವು ಎನ್ನಿಸುವಷ್ಟು ಉದ್ದದ ಅವನ ಸ್ಪ್ರಿಂಗರುಗಳು ಹೆದ್ದಾರಿಯಲ್ಲಿ ಸಲೀಸಾಗಿ ಹೋಗುತ್ತವೆ. ಉಳಿದ ಎಷ್ಟೋ ಜನ ಕ್ರೋಮಿಗೆ ಹಾಕಿದ ದುಡ್ಡಿನಲ್ಲಿ ನೂರನೇ ಒಂದು ಭಾಗವನ್ನು ಒಂದು ಕೋನಮಾಪಕಕ್ಕೆ ಹಾಕಿದ್ದರೆ ಅವರ ಗಾಡಿಗಳು ಷೋರೂಮಿನ ಗಾಜಿನ ಹಿಂದೆಯೇ ಉಳಿಯುತ್ತಿರಲಿಲ್ಲ. ಗಾಡಿಯ ಚಂದಕ್ಕೆ ನಾನು ವಿರೋಧಿಯಲ್ಲ. ತಿರುಗದ ಚಂದಕ್ಕೆ ವಿರೋಧಿ.

ನಮ್ಮ ಮನೆಯಲ್ಲಿದ್ದ ವಿಜಯ್ ಸೂಪರ್ ಸ್ಕೂಟರಿನ ನೆನಪು ಬಂದದ್ದು ಈ ರಾಕರುಗಳ ಮುಂದೆ ಮಂಡಿಯೂರಿದಾಗಲೇ. ಲ್ಯಾಂಬ್ರೆಟಾ ವಂಶದ ಆ ಸ್ಕೂಟರಿನ ಮುಂದಿನ ಚಕ್ರದ ಎರಡೂ ಬದಿಗೆ ಇಂಥದೇ ಗಿಡ್ಡ ತುಂಡುಗಳು. ಸ್ಪ್ರಿಂಗು ಮಾತ್ರ ಕೊಳವೆಯೊಳಗೆ ಮುಚ್ಚಿಟ್ಟಿತ್ತು. ಅಂದರೆ ಮಿಲ್ವಾಕಿಯ ಈ ಉದ್ದಂಡ ಗಾಡಿಯೂ, ಅಗ್ರಹಾರದ ಸರ್ಕಲ್ಲಿನಲ್ಲಿ ಮುಂದೆ ತರಕಾರಿ ಚೀಲ ಹಿಂದೆ ಅಮ್ಮನನ್ನು ಹೊತ್ತು ಕೆಮ್ಮುತ್ತಿದ್ದ ಆ ಸ್ಕೂಟರೂ ಗೊತ್ತಿಲ್ಲದ ದಾಯಾದಿಗಳು. ಇದನ್ನು ಮೇಸ್ತ್ರಿಗೆ ಹೇಳಿ ಫೋನಿನಲ್ಲಿ ಚಿತ್ರ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿ, "ಬ್ರೇಕ್ ಹಾಕಿದಾಗ ಏನಾಗುತ್ತಿತ್ತು?" ಎಂದರು. ನಮಗೆ ಹುಡುಗರಿಗೆ ಅದು ಯಾವ ಲೆಕ್ಕ? ಮುಂದಿನ ಬ್ರೇಕ್ ಮುಟ್ಟಬಾರದು ಎಂಬುದು ಮನೆಯ ಕಟ್ಟಪ್ಪಣೆಯಾಗಿತ್ತು.

ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಮಾಮೂಲಿ ಫೋರ್ಕು ಬ್ರೇಕ್ ಹಾಕಿದರೆ ಮುಗ್ಗರಿಸುತ್ತದೆ. ಸ್ಪ್ರಿಂಗರಿನಲ್ಲಿ ಬ್ರೇಕಿನ ಕ್ಯಾಲಿಪರನ್ನು ನೇರವಾಗಿ ರಾಕರಿಗೆ ಕಚ್ಚಿಸಿದರೆ, ತಿರುಗುವ ಚಕ್ರ ಬ್ರೇಕನ್ನು ಹಿಡಿದುಕೊಂಡು ರಾಕರನ್ನೂ ತನ್ನ ಜೊತೆ ತಿರುಗಿಸಲು ಎಳೆಯುತ್ತದೆ. ರಾಕರಿನ ಮೂತಿ ಕೆಳಕ್ಕೆ, ಗಾಡಿಯ ಮುಂಭಾಗ ಮೇಲಕ್ಕೆ. ನಿಲ್ಲಬೇಕಾದ ಗಾಡಿ ಎದ್ದು ನಿಲ್ಲುತ್ತದೆ, ಸ್ಪ್ರಿಂಗು ಬೇರೆ ಬಿಗಿದುಕೊಳ್ಳುತ್ತದೆ. ಹಾಗಾಗದಿರಲೆಂದು ಕ್ಯಾಲಿಪರನ್ನು ಆಕ್ಸಲ್ಲಿನ ಸುತ್ತ ತೇಲುವಂತೆ ಬಿಟ್ಟು, ಒಂದು ಸರಳಿನಿಂದ ಗಟ್ಟಿಕಾಲಿಗೆ ಕಟ್ಟುತ್ತಾರೆ. ಆ ಸರಳು ರಾಕರಿಗೆ ಸಮಾನಾಂತರವಾಗಿ, ಅಷ್ಟೇ ಉದ್ದವಾಗಿದ್ದರೆ ಬ್ರೇಕಿನ ಎಳೆತ ಸ್ಪ್ರಿಂಗಿನವರೆಗೆ ಹೋಗುವುದೇ ಇಲ್ಲ. ಮೇಸ್ತ್ರಿ ಆ ಸರಳಿನ ತುದಿಯ ಬೋಲ್ಟನ್ನೂ ಒಮ್ಮೆ ಮುಟ್ಟಿ ನೋಡಿದರು. ಮುಂದಿನ ಚಕ್ರದ ಯಾವ ಬೋಲ್ಟನ್ನೂ ನಂಬಿಕೆಯ ಮೇಲೆ ಬಿಡಬಾರದು ಎಂಬುದು ಅವರ ಮತ.

ನಟ್ಟಿನಿಂದ ಆಗದ ಕೆಲಸ ಕೊನೆಗೆ ಸ್ಪ್ರಿಂಗಿಗೇ ಬಂತು. ಭಾರ ಹೊರುವ ಕೆಳಗಿನ ಸ್ಪ್ರಿಂಗು ಮೆತ್ತಗಿನದಾಗಬೇಕು. ಆಗ ಮುಂಭಾಗ ತಾನೇ ಇಳಿಯುತ್ತದೆ, ಏಟೂ ಕಮ್ಮಿಯಾಗುತ್ತದೆ. ಎಷ್ಟು ಮೆತ್ತಗೆ? ಇಲ್ಲಿ ತಂತಿಯ ದಪ್ಪ ಆಡುವ ಆಟ ನೋಡಿದರೆ ಆಶ್ಚರ್ಯವಾಗುತ್ತದೆ. ಸ್ಪ್ರಿಂಗಿನ ಬಿಗಿ ತಂತಿಯ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ ಇಳಿಯುತ್ತದೆ. ಸುತ್ತು, ಅಗಲ ಎಲ್ಲ ಅಷ್ಟೇ ಇಟ್ಟು ತಂತಿಯನ್ನು ಹತ್ತರಲ್ಲಿ ಒಂದು ಪಾಲು ತೆಳು ಮಾಡಿದರೆ ಬಿಗಿ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಇಳಿದುಬಿಡುತ್ತದೆ. ಕಣ್ಣಿಗೆ ಎರಡೂ ಸ್ಪ್ರಿಂಗು ಒಂದೇ. ಮೇಸ್ತ್ರಿ ವರ್ನಿಯರ್ ಹಿಡಿದು ಹಳೆಯದನ್ನು ಅಳೆದು, ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕಿ, ಹೇಳಿದ ಅಳತೆಗೆ ಸ್ಪ್ರಿಂಗ್ ಸುತ್ತಿಕೊಡುವ ಕಡೆಗೆ ಬರೆದು ಹಾಕಿದರು. ಲೆಕ್ಕದಲ್ಲಿ ತಮ್ಮ ತೂಕವನ್ನು 190 ಎಂದು ಬರೆದು, ಸ್ವಲ್ಪ ಹೊತ್ತು ನೋಡಿ, ಅದರ ಮುಂದೆ ಹೆಂಡತಿಯ ತೂಕವನ್ನು ಅಂದಾಜಿನ ಮೇಲೆ ಬರೆದರು. ಆಕೆ ಹಿಂದಿನಿಂದ ಇಣುಕಿ, ಲಕೋಟೆ ತೆಗೆದುಕೊಂಡು, ಆ ಅಂಕಿಯನ್ನು ಹೊಡೆದುಹಾಕಿ ಬೇರೊಂದು ಬರೆದರು. ಯಾವುದು ನಿಜ ಎಂಬುದನ್ನು ಟೇಪು ಹಿಡಿಯುವ ನಾನು ಬಲ್ಲೆ, ಹೇಳುವುದಿಲ್ಲ.

ಹೊಸ ಸ್ಪ್ರಿಂಗು ಹಾಕುವುದು ಅಳತೆಗಿಂತ ಸುಲಭ, ಅಪಾಯ ಮಾತ್ರ ಹೆಚ್ಚು. ಒತ್ತಿಟ್ಟ ಸ್ಪ್ರಿಂಗು ಕೈತಪ್ಪಿದರೆ ಯಾರ ಮುಖವನ್ನೂ ನೋಡುವುದಿಲ್ಲ. ಎರಡೂ ಕಡೆಯ ನಟ್ಟನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಚ್ಚಿ, ಹಳೆಯದನ್ನು ಇಳಿಸಿ, ಹೊಸದನ್ನು ಕೂರಿಸಿ, ಮತ್ತೆ ಸರದಿಯಲ್ಲೇ ಬಿಗಿದರು. ನಟ್ಟಿನ ತೂತಿಗೆ ಹೊಸ ಪಿನ್ನು ತೂರಿಸಿ ಬಾಗಿಸಿದರು. ಹಳೆಯ ಪಿನ್ನನ್ನು ನೇರ ಮಾಡಿ ಮತ್ತೆ ಹಾಕುವುದನ್ನು ಅವರು ಕಳ್ಳತನಕ್ಕೆ ಸಮ ಎಣಿಸುತ್ತಾರೆ. ಆಮೇಲೆ ನಾವಿಬ್ಬರೂ ಹ್ಯಾಂಡಲ್ ಮೇಲೆ ನಮ್ಮ ಭಾರವನ್ನೆಲ್ಲ ಹಾಕಿ ಫೋರ್ಕನ್ನು ಪೂರ್ತಿ ಅದುಮಿ, ಟಯರು ಮೇಲಿನ ಪಟ್ಟಿಗೆ ತಾಕುತ್ತದೆಯೇ ಎಂದು ನೋಡಿದೆವು. ಮೆತ್ತಗಿನ ಸ್ಪ್ರಿಂಗು ಹಾಕಿದವರು ಇದನ್ನು ಮರೆತರೆ ದೊಡ್ಡ ಗುಂಡಿಯೊಂದು ನೆನಪಿಸುತ್ತದೆ. ತಾಕಲಿಲ್ಲ. ಪಕ್ಕದಲ್ಲಿ ಹಳೆಯ ಕಾಲದ ಹಾಗೆ ತಟ್ಟೆಗಳ ನಡುವೆ ತಿಕ್ಕಾಟ ಕೊಟ್ಟು ಕುಣಿತ ತಡೆಯುವ ಒಂದು ಗುಂಡಿ ಇದೆ, ಕೈಯಲ್ಲೇ ತಿರುಗಿಸುವಂಥದು. ಎಣ್ಣೆಯ ಶಾಕ್ ಅಬ್ಸಾರ್ಬರಿನ ಬಡ ನೆಂಟ. ಅದನ್ನು ಒಂದಿಷ್ಟು ಬಿಗಿದರು. ಇಲ್ಲದಿದ್ದರೆ ಮೆತ್ತಗಿನ ಸ್ಪ್ರಿಂಗು ಒಂದು ಉಬ್ಬಿಗೆ ನಾಲ್ಕು ಸಲ ತಲೆಯಾಡಿಸುತ್ತದೆ.

ಮೇಸ್ತ್ರಿ ಕೂತರು. ರಾಕರ್ ನೆಲಕ್ಕೆ ಸಮ. ನಾನು ಟೇಪು ಓದಿದೆ, ಅವರು ಗೋಡೆಯ ಮೇಲೆ ಬರೆದರು. ಕೆರೆಯ ದಂಡೆಯವರೆಗೆ ಹೋಗಿ ಬಂದರು. ಮಿಷಿಗನ್ನನ್ನು ನಾನು ಕೆರೆ ಎಂದು ಕರೆಯುವುದು ಅವರಿಗೆ ಗೊತ್ತಿಲ್ಲ. ಬಂದವರು ಭುಜ ಹಿಡಿದುಕೊಳ್ಳಲಿಲ್ಲ. ಎಡದ್ದಕ್ಕೂ ಬಲದ್ದಕ್ಕೂ ಅರ್ಧರ್ಧ ಸುತ್ತು ಹೆಚ್ಚು ಕೊಡಬೇಕು, ಅಂದರು.

ಆ ಬೇಸಿಗೆಯಲ್ಲಿ ಗಾಡಿ ನೋಡಲು ಬಂದ ಅವರ ಗೆಳೆಯರಲ್ಲಿ ಒಬ್ಬೊಬ್ಬರಿಗೂ ಅದನ್ನು ಒಂದು ಸುತ್ತು ಓಡಿಸಿ ನೋಡುವ ಆಸೆ. ಎಲ್ಲರೂ ಎರಡು ಮೇಸ್ತ್ರಿಗಳ ಗಾತ್ರದವರು. ಕೂತ ಕೂಡಲೇ ರಾಕರುಗಳು ಆಕಾಶ ನೋಡುತ್ತಿದ್ದವು. ಹೋಗಿ ಬಂದು, ಮುಂದೆ ತುಂಬ ಲೂಸಾಗಿದೆ, ಸರಿ ಮಾಡಿಸಿಕೋ ಎಂದು ಬುದ್ಧಿ ಹೇಳುತ್ತಿದ್ದರು. ಮೇಸ್ತ್ರಿ ತಲೆಯಾಡಿಸಿ ಬಿಯರ್ ತಂದುಕೊಡುತ್ತಿದ್ದರು.

ನಮ್ಮ ದೀಪಾವಳಿಯ ಹೊತ್ತಿಗೆ ಅವರ ಹೊಟ್ಟೆ ಬೆಲ್ಟಿನ ಮೇಲೆ ಮತ್ತೆ ಸಣ್ಣಗೆ ಇಣುಕತೊಡಗಿತ್ತು. ನನ್ನ ಹೆಂಡತಿ ಕೊಟ್ಟು ಕಳಿಸಿದ ಚಕ್ಕುಲಿಯನ್ನು ಮುರಿಯುತ್ತಾ ನಿಂತಿದ್ದ ಅವರಿಗೆ, "ಹಳೆಯ ಸ್ಪ್ರಿಂಗುಗಳನ್ನು ಎಸೆದುಬಿಟ್ಟಿಲ್ಲ ತಾನೆ?" ಎಂದು ಕೇಳಿದೆ. "ಎಸೆಯುವುದೇ?" ಎಂದು ಅವರು ಶೆಲ್ಫಿನ ಮೇಲೆ ಕೈ ತೋರಿಸಿದರು. "ಎಣ್ಣೆ ಸವರಿ ಇಟ್ಟಿದ್ದೇನೆ. ಹೋದ ವರ್ಷ ನೀವು ಇದನ್ನೇ ಕಳಿಸಿದ್ದಿರಲ್ಲ, ಆ ಡಬ್ಬಿಯಲ್ಲಿ."